ಹಿತ್ತಲ ಗಿಡದ ಮೊದಲ ಮೊಗ್ಗು

“ಹೂ ಅಂದ್ರೆ ನಮ್ಮ ದ್ವೀಪದಲ್ಲಿ ಕಿತ್ತು ಎಸೆಯೋ ವಸ್ತು ಕಣೇ ಯೊರಿಕೊ. ನೀನು ಆಚೆ ದಡದಿಂದ ಸೊಸೆಯಾಗಿ ಬಂದೋಳು, ಮೊದಲನೇ ವರ್ಷ ಅದನ್ನ ನೋಡಿ ಅತ್ತುಬಿಟ್ಟಿದ್ದೆ, ನೆನಪಿದ್ಯಾ? ನಾವು ಮಾರೋದು ಪಿಯೋನಿ ಸಸೀನ, ಹೂವನ್ನಲ್ಲ. ಹೂ ಬಿಡೋಕೆ ಬಿಟ್ರೆ ಬೇರಿಗೆ ಏನು ಉಳಿಯುತ್ತೆ? ಅದಕ್ಕೇ ಅರಳೋ ಮುಂಚೆ ಚಿವುಟಿ ಹಾಕೋದು. ಚಳಿ ಶುರುವಾದ್ರೆ ನಾನೂ ನನ್ನ ಗೆಳತಿ ಶಿಗೆನೊನೂ ಗಂಟು ಹೊತ್ಕೊಂಡು ರೈಲು ಹತ್ತಿ ಉತ್ತರದ ಹಿಮದೂರುಗಳಿಗೆ ಹೋಗ್ತಿದ್ವಿ. ಮನೆ ಮನೆ ಬಾಗಿಲಲ್ಲಿ ನಿಂತು ಕೂಗೋದು. ಕೈಲಿರೋದು ಒಣಕಡ್ಡಿ. ‘ಇದರಲ್ಲಿ ಹೂ ಬಿಡುತ್ತೇನಮ್ಮಾ?’ ಅಂತ ಯಾರಾದ್ರೂ ಕೇಳಿದ್ರೆ ಶಿಗೆನೊ, ‘ಬಿಡದಿದ್ರೆ ಬರೋ ವರ್ಷ ನನ್ನನ್ನೇ ಇಲ್ಲಿ ನೆಟ್ಟುಬಿಡಿ’ ಅನ್ನೋಳು. ಎಷ್ಟು ಊರು, ಎಷ್ಟು ಅಂಗಳ! ಆದ್ರೆ ನಾವು ಮಾರಿದ ಒಂದು ಗಿಡ ಹೂ ಬಿಟ್ಟದ್ದನ್ನೂ ನಾವು ಕಣ್ಣಾರೆ ನೋಡ್ಲಿಲ್ಲ. ಅಲ್ಲಿ ಅದು ಅರಳೋ ಹೊತ್ತಿಗೆ ಇಲ್ಲಿ ನಾವು ಹೊಲದಲ್ಲಿ ಕೂತು ಹೂ ಕೀಳ್ತಾ ಇರ್ತಿದ್ವಿ.”

ಕಿನುಯೊ ಪಕ್ಕದ ಮನೆಯ ಯೊರಿಕೊಗೆ ಇಷ್ಟೆಲ್ಲ ಹೇಳುತ್ತಿದ್ದಳು. ಹಿತ್ತಲಲ್ಲಿ, ಬಚ್ಚಲಮನೆಯ ಹಿಂದೆ ತಾನು ಸಾಕುತ್ತಿದ್ದ ಒಂದು ಗಿಡದ ವಿಷಯ ಮಾತ್ರ ಹೇಳಿರಲಿಲ್ಲ.

ಪಿಯೋನಿಯಲ್ಲಿ ಎರಡು ಕುಲ. ಮರಪಿಯೋನಿಯ ಕೊಂಬೆ ಹಿಮದಲ್ಲೂ ನಿಲ್ಲುತ್ತದೆ. ನೆಲಪಿಯೋನಿ ಚಳಿಗೆ ಬಾಡಿ ಮಣ್ಣು ಸೇರಿ, ಚಳಿ ಕಳೆದ ಮೇಲೆ ಬೇರಿನಿಂದ ಮತ್ತೆ ಏಳುತ್ತದೆ. ಇವೆರಡರ ನಡುವೆ ಸಂಬಂಧ ಕುದುರುವುದು ಬಲು ಅಪರೂಪ. ಶಿಗೆನೊ ಗಟ್ಟಿಯಾಗಿದ್ದ ಕಾಲದಲ್ಲಿ ಒಂದು ದಿನ ಕುಂಚ ಹಿಡಿದು ಬಂದಳು. “ನನ್ನ ಮದುವೆ ಯಾರೂ ಮಾಡಿಸ್ಲಿಲ್ಲ, ನಾನಾದ್ರೂ ಒಂದು ಮಾಡಿಸ್ತೀನಿ” ಎಂದು ನಗುತ್ತ, ಹಳದಿ ಮರಪಿಯೋನಿಯ ಪರಾಗವನ್ನು ಕಿನುಯೊಳ ಬಿಳಿ ನೆಲಪಿಯೋನಿಗೆ ಸವರಿ, ಮೇಲೆ ಕಾಗದದ ಚೀಲ ಕಟ್ಟಿದಳು. ಕಟ್ಟಿದ ಬೀಜ ಬೆರಳೆಣಿಕೆಯಷ್ಟು. ಮೊಳೆತದ್ದು ಒಂದೇ.

“ತಾಯಿ ಥರ ಬಿಳಿಯೇ ಬಿಡುತ್ತೆ ನೋಡು” ಎಂದಿದ್ದಳು ಕಿನುಯೊ.

“ಅಪ್ಪನ ಥರ ಹಳದಿ. ಹಳದಿ ಬಂದ್ರೆ ಮೊದಲು ನಂಗೇ ತೋರಿಸ್ಬೇಕು. ಮೋಸ ಮಾಡಿದ್ಯೋ, ನಿನ್ನ ಸುಮ್ನೆ ಬಿಡಲ್ಲ!”

ಬೀಜದ ಗಿಡ ಹೂ ಬಿಡಲು ವರ್ಷಗಟ್ಟಲೆ ಕಾಯಿಸುತ್ತದೆ. ಅಷ್ಟರಲ್ಲಿ ಶಿಗೆನೊಳ ನೆನಪು ಹಳೇ ಬುಟ್ಟಿಯ ಹಾಗೆ ಒಂದೊಂದೇ ಕಡ್ಡಿ ಬಿಚ್ಚಿಕೊಂಡಿತು. ಅವಳ ತಂಗಿಯ ಮಗಳು ಅವಳನ್ನು ಹಿನ್ನೀರಿನಾಚೆಯ ಪಟ್ಟಣದ ವೃದ್ಧಾಶ್ರಮದಲ್ಲಿ ಬಿಟ್ಟಳು. ಗಂಡನಿಲ್ಲದ, ಮಕ್ಕಳಿಲ್ಲದ ಕಿನುಯೊಗೆ ಮಾತಿಗೆ ಎಂದು ಇದ್ದವಳು ಶಿಗೆನೊ ಒಬ್ಬಳೇ. ವಾರಕ್ಕೊಮ್ಮೆ ಬಸ್ಸು ಹತ್ತಿ, ನೀರಿನ ನಡುವಿನ ಏರಿಯ ಮೇಲೆ ಹಾದು, ನೋಡಿಕೊಂಡು ಬರುತ್ತಿದ್ದಳು. ಬೇರೆಲ್ಲ ಮರೆತ ಶಿಗೆನೊ “ಹೂ ಬಿಡ್ತಾ?” ಎಂದು ಮಾತ್ರ ಕೇಳುತ್ತಿದ್ದಳು. ಈ ಚಳಿಗಾಲದಿಂದೀಚೆಗೆ ಅದನ್ನೂ ಕೇಳುವುದು ಕಡಿಮೆಯಾಗಿತ್ತು.

ಈ ವರ್ಷ ಗಿಡ ಒಂದೇ ಒಂದು ಮೊಗ್ಗು ಹೊತ್ತಿತು. ಇದು ಅರಳಿ ಶಿಗೆನೊಗೆ ಗುರುತು ಸಿಕ್ಕಿದರೆ ಸಾಕು, ತಾನು ಇನ್ನೇನೂ ಕೇಳುವುದಿಲ್ಲ ಎಂದು ಕಿನುಯೊ ದಿನಾ ಬೆಳಿಗ್ಗೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದಳು. ಬೀಜಕ್ಕೆ ಬಿಡುವ ಹೂವಿಗೆ ಕೆಂಪು ಚಿಂದಿ ಕಟ್ಟುವುದು ದ್ವೀಪದ ರೂಢಿ. ಚಿಂದಿ ಕಂಡರೆ ಯಾರೂ ಮುಟ್ಟುವುದಿಲ್ಲ. ಆದರೆ ಚಿಂದಿ ಕಟ್ಟಿದರೆ ಏನು ಎತ್ತ ಎಂದು ಕೇಳುವವರು ಬರುತ್ತಾರೆ. ಹೂವಿನ ಮುಖ ಕಾಣುವ ಮೊದಲು ಬೀಜದ ಗಿಡದ ಮಾತಾಡಬಾರದು ಎಂಬುದು ಅವಳ ನಂಬಿಕೆ. ಅವಳು ಕಟ್ಟಲಿಲ್ಲ.

ಮೊಗ್ಗು ಅರಳುವ ಹದಕ್ಕೆ ಬಂದು ಬೆರಳಿಗೆ ಮೆತ್ತಗಾದ ಹೊತ್ತಿಗೆ ಕಿನುಯೊಗೆ ಜ್ವರ ಬಂದು ಎದೆ ಕಟ್ಟಿತು. ಆಸ್ಪತ್ರೆಯವರು ಎರಡು ದಿನ ಇರಿಸಿಕೊಂಡರು. ಹೂ ಚಿವುಟುವ ಸುಗ್ಗಿಯಲ್ಲಿ ಒಂದು ಮನೆಯವರು ಹಾಸಿಗೆ ಹಿಡಿದರೆ ಅಕ್ಕಪಕ್ಕದವರು ಹೊಲಕ್ಕಿಳಿಯುವುದು ಅಲ್ಲಿ ಹೇಳಿಸಿಕೊಳ್ಳದೆ ನಡೆಯುವ ಕೆಲಸ. ವಾಪಸು ಬಂದಾಗ ಯೊರಿಕೊ ಬಾಗಿಲಲ್ಲೇ ಸಿಕ್ಕಳು.

“ಬಂದ್ರಾ ಅಕ್ಕಾ! ಆರಾಮಾಗಿ ಮಲಗಿ. ಹೊಲ ಪೂರ್ತಿ ಮುಗಿಸಿದ್ದೀವಿ. ಹಿತ್ತಲನ್ನೂ ಬಿಡ್ಲಿಲ್ಲ ನಾನು. ಬಚ್ಚಲ ಹಿಂದೆ ಒಂದು ಅಡಗಿಕೊಂಡಿತ್ತು, ಕಳ್ಳ!”

ಕಿನುಯೊ ಕೈಚೀಲವನ್ನು ಹೊಸ್ತಿಲ ಮೇಲಿಟ್ಟಳು. “ಅದನ್ನೂ ಕಿತ್ಯಾ?”

“ಕೀಳಬಾರದಿತ್ತಾ? ಚಿಂದಿ ಇರ್ಲಿಲ್ವಲ್ಲ ಅಕ್ಕಾ... ಒಂದು ಚಿಂದಿ ಕಟ್ಟಿದ್ರೆ ಆಗ್ತಿರ್ಲಿಲ್ವಾ?”

“ಎಲ್ಲಿ ಹಾಕಿದೆ?” ಎಂದಷ್ಟೇ ಕೇಳಿದಳು ಕಿನುಯೊ.

ಹೊಲದಂಚಿನಲ್ಲಿ ಕಿತ್ತ ಹೂಗಳ ರಾಶಿ ಕೆಂಪು, ಗುಲಾಬಿ, ಬಿಳಿಯಾಗಿ ಬಿಸಿಲಿಗೆ ಬಾಡುತ್ತಿತ್ತು. ಯೊರಿಕೊ ಬೇಡ ಬೇಡವೆಂದರೂ ಕೇಳದೆ ಕಿನುಯೊ ಮೊಣಕಾಲೂರಿ ರಾಶಿ ಕೆದಕಿದಳು. ಕೊನೆಗೆ ಯೊರಿಕೊಳೂ ಪಕ್ಕದಲ್ಲಿ ಕೂತು ಕೆದಕಿದಳು. ಅಡಿಯ ತಂಪಿನಲ್ಲಿ ಗೇಣುದ್ದ ತೊಟ್ಟಿನ ಸಮೇತ ಅದು ಸಿಕ್ಕಿತು. ತೊಟ್ಟಿನ ಎಲೆ ಮರಪಿಯೋನಿಯದೇ, ತೊಟ್ಟು ಮಾತ್ರ ನೆಲಪಿಯೋನಿಯ ಹಾಗೆ ಹಸಿರು. ಗುರುತು ತಪ್ಪುವ ಹಾಗಿರಲಿಲ್ಲ. ಕಿನುಯೊ ಅದನ್ನು ಮನೆಗೆ ತಂದು, ತೊಟ್ಟಿನ ತುದಿ ಕತ್ತರಿಸಿ, ಸಾರಿನ ಬಟ್ಟಲಲ್ಲಿ ನೀರು ತುಂಬಿ ನಿಲ್ಲಿಸಿದಳು.

ಬೆಳಿಗ್ಗೆ ಎದ್ದಾಗ ಅದು ಅರ್ಧ ಬಿರಿದಿತ್ತು. ಹಳದಿ. ಎಸಳಿನ ಬುಡದಲ್ಲಿ ಕುಂಕುಮ ಚೆಲ್ಲಿದ ಹಾಗೆ ಕೆಂಪು. ನೋಡು ಎನ್ನಲು ಮನೆಯಲ್ಲಿ ಯಾರೂ ಇರಲಿಲ್ಲ.

ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದಳು.

“ಶಿಗೆನೊ ಅಜ್ಜೀ, ಯಾರು ಬಂದಿದ್ದಾರೆ ನೋಡಿ!” ಎಂದಳು ಆಶ್ರಮದ ಹುಡುಗಿ.

ಕಿಟಕಿಯ ಬಳಿ ಕೂತಿದ್ದ ಶಿಗೆನೊ ತಲೆ ಬಾಗಿಸಿ ನಮಸ್ಕರಿಸಿದಳು. “ನಮಸ್ಕಾರ ಅಮ್ಮಾವ್ರೇ. ಈ ಸಲ ಒಳ್ಳೊಳ್ಳೇ ಸಸಿ ತಂದಿದ್ದೀವಿ. ನನ್ನ ಜೊತೆಯೋಳು ಹಿಂದೆ ಬರ್ತಾ ಇದ್ದಾಳೆ, ಹಿಮದಲ್ಲಿ ಅವಳ ನಡಿಗೆ ನಿಧಾನ.”

ಕಿನುಯೊ ಹೂವನ್ನು ಅವಳ ಕೈಗಿಟ್ಟಳು. “ಹಳದಿ ಕಣೇ ಶಿಗೆನೊ. ನೀನೇ ಗೆದ್ದೆ.”

ಶಿಗೆನೊ ಬಹಳ ಹೊತ್ತು ನೋಡಿದಳು. ಹೆಬ್ಬೆರಳು ಎಸಳಿನ ಬುಡವನ್ನು ಸವರಿತು, ತೊಟ್ಟಿಗೆ ಇಳಿಯಿತು. ಚಟ್ ಎಂದು ಹೂವಿನ ಕತ್ತು ಮುರಿದು, ಪಕ್ಕದಲ್ಲಿ ಬುಟ್ಟಿ ಇದೆಯೆಂಬಂತೆ ನೆಲಕ್ಕೆ ಹಾಕಿ, ಬರಿ ತೊಟ್ಟನ್ನು ಜೋಪಾನವಾಗಿ ಹಿಂದಕ್ಕೆ ಕೊಟ್ಟಳು.

“ಬೇರು ಗಟ್ಟಿಯಾಗ್ಲಿ ಅಮ್ಮಾ. ಅರಳೋದು ಬರೋ ವರ್ಷ ಇದ್ದೇ ಇದೆ. ನಮ್ಮ ಕಿನುಯೊ ಆಗಿದ್ರೆ ಕೀಳ್ತಿರ್ಲಿಲ್ಲ, ಅವಳ ಮನಸ್ಸು ಮೆತ್ತಗೆ. ದಾರೀಲಿ ಸಿಕ್ಕಿದ್ರೆ ಬೇಗ ಬಾ ಅಂತ ಹೇಳಿ.”

“ಹೇಳ್ತೀನಿ” ಎಂದಳು ಕಿನುಯೊ. “ಬರ್ತಾಳೆ, ಬರ್ತಾಳೆ.”

ಮನೆಗೆ ಬಂದಾಗ ಬಾಗಿಲಲ್ಲಿ ಯೊರಿಕೊ ಇಟ್ಟುಹೋದ ಮೀನಿನ ಪಲ್ಯವಿತ್ತು. ಅದರ ಮುಚ್ಚಳದ ಮೇಲೆ ಒಂದು ಕೆಂಪು ಚಿಂದಿ, ನೀಟಾಗಿ ಮಡಿಸಿದ್ದು. ಕಟ್ಟಲು ಈಗ ಮೊಗ್ಗಿರಲಿಲ್ಲ. ಕಿನುಯೊ ಚಿಂದಿಯನ್ನು ಬಚ್ಚಲ ಗೂಟಕ್ಕೆ ಸಿಕ್ಕಿಸಿ ಒಳಗೆ ಹೋದಳು. ಒಬ್ಬಳಿಗೆ ಆಗುವಷ್ಟು ಅಕ್ಕಿ ಅಳೆದು ತೊಳೆದಳು. ನೀರು ತಿಳಿಯಾಗುವವರೆಗೆ ತೊಳೆದು, ಅಕ್ಕಚ್ಚನ್ನು ತಂದು ಹಿತ್ತಲ ಗಿಡದ ಬುಡಕ್ಕೆ ನಿಧಾನವಾಗಿ ಸುರಿದಳು.