ಕೋಚ್ ಗ್ಲೆನ್ ‘ಬೇಡ’ ಅಂದ ದಿನ

ಕಳೆದ ಚಳಿಗಾಲದಲ್ಲಿ ರಿಯಾದಿನ ಒಂದು ಮೈದಾನದ ಅಂಚಿನಲ್ಲಿ ನಿಂತು ನಾನು ಅರವತ್ತು ದಾಟಿದ ಅಮೆರಿಕನ್ ಒಬ್ಬರ ಮೇಲೆ ಕೂಗಾಡಿದೆ. ಕೈ ಎತ್ತುವುದೊಂದು ಬಾಕಿ ಇತ್ತು.

ನಾನು ಅಂಥವನಲ್ಲ. ಆಫೀಸಿನಲ್ಲಿ ಮ್ಯಾನೇಜರ್ ಬೈದರೂ ‘ಓಕೆ ಸರ್’ ಅಂದು ಬರುವವನು. (ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಅವರ ಕೈಯಲ್ಲಿರುವಾಗ ಬೇರೆ ಏನು ಅನ್ನುವುದು?) ಆದರೆ ಮಗಳ ವಿಷಯ ಬಂದರೆ ಅಪ್ಪಂದಿರು ಬೇರೆಯೇ ಪ್ರಾಣಿಗಳು.

ಮಗಳು ಅನ್ವಿ. ಒಂಬತ್ತನೇ ಕ್ಲಾಸು. ಎರಡು ವರ್ಷದಿಂದ ಅವಳಿಗೆ ಫ್ಲ್ಯಾಗ್ ಫುಟ್‌ಬಾಲ್ ಹುಚ್ಚು. ಕಾಲಲ್ಲಿ ಒದೆಯುವ ಆಟವಲ್ಲ. ಅಮೆರಿಕದವರು ಮೊಟ್ಟೆ ಆಕಾರದ ಚೆಂಡನ್ನು ಎದೆಗವಚಿಕೊಂಡು ಓಡುತ್ತಾರಲ್ಲ, ಅದರ ಸಾಧು ರೂಪ. ಇದರಲ್ಲಿ ಯಾರನ್ನೂ ಕೆಡವುವಂತಿಲ್ಲ. ಎದುರಾಳಿಯ ಸೊಂಟದಲ್ಲಿ ಜೋತಾಡುವ ಪಟ್ಟಿ ಎಳೆದರೆ ಸಾಕು. ಹಾಗಾಗಿ ಪೆಟ್ಟಾಗುವ ಪ್ರಶ್ನೆಯೇ ಇಲ್ಲ ಅಂತ ನಾನು ನಿಶ್ಚಿಂತನಾಗಿದ್ದೆ.

ತಂಡದ ಕೋಚ್ ಗ್ಲೆನ್. ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅಯೋವಾ ರಾಜ್ಯದ ಪುಟ್ಟ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ಟಿವಿಯಲ್ಲಿ ಕಾಣುವಂಥ ಕಾಲೇಜಲ್ಲ. ಮೈದಾನಕ್ಕೆ ಗೆರೆ ಎಳೆಯುವವರೂ ಅವರೇ, ಜೆರ್ಸಿ ಒಗೆಯುವವರೂ ಅವರೇ, ಡ್ರೈವರ್ ಬಾರದಿದ್ದರೆ ಬಸ್ಸು ಓಡಿಸುವವರೂ ಅವರೇ. ಆಮೇಲೆ ಆ ಕಾಲೇಜೇ ಬಾಗಿಲು ಹಾಕಿತು. ಮೇಷ್ಟ್ರು ರಿಯಾದಿಗೆ ಬಂದರು. ವಾರಾಂತ್ಯದಲ್ಲಿ ನಮ್ಮ ಮಕ್ಕಳಿಗೆ ಆಟ ಕಲಿಸಿದರು.

ಆ ಶುಕ್ರವಾರ ಸೆಮಿಫೈನಲ್. ಅನ್ವಿ ಮತ್ತು ಎದುರು ತಂಡದ ಹುಡುಗಿ ಇಬ್ಬರೂ ಆಕಾಶ ನೋಡುತ್ತ ಚೆಂಡಿಗೆ ಓಡಿದರು. ತಲೆಗೆ ತಲೆ ಬಡಿಯಿತು. ಇಬ್ಬರೂ ಬಿದ್ದರು, ಇಬ್ಬರೂ ಎದ್ದರು. ಜನ ಚಪ್ಪಾಳೆ ತಟ್ಟಿದರು.

ಕೋಚ್ ಮಾತ್ರ ಅನ್ವಿಯನ್ನು ಹೊರಗೆ ಕರೆದು ಕೂರಿಸಿದರು. ತಿಂಗಳುಗಳ ಹೆಸರನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳು ಅಂದರು. ಅವಳು ಸರಸರ ಹೇಳಿದಳು. ಆಗಸ್ಟ್ ಆದ ಮೇಲೆ ಜೂನ್ ಅಂದಳು. ಜುಲೈ ಹಾರಿಹೋಯಿತು.

“ಇವಳಿಗೆ ಆಟ ಮುಗಿಯಿತು. ನಾಳೆಯೂ ಇಲ್ಲ. ಡಾಕ್ಟರಿಗೆ ತೋರಿಸಿ” ಅಂದರು ಕೋಚ್.

ನಾಳೆ ಫೈನಲ್. ಒಂದು ಜುಲೈಗಾಗಿ ಫೈನಲ್ ತಪ್ಪಬೇಕಾ? ನನ್ನನ್ನು ಕೇಳಿದ್ದರೆ ನಾನು ಮೂರು ತಿಂಗಳು ಬಿಡುತ್ತಿದ್ದೆ.

ಡಾಕ್ಟರಿಗೆ ತೋರಿಸಲಿಲ್ಲ. ಹೆಂಡತಿ ಶೈಲಾ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳಿಗೆ “ಸ್ವಲ್ಪ ಬಿದ್ದಳು, ಎಂತದೂ ಆಗ್ಲಿಲ್ಲ” ಅಂದೆ. ತಲೆ ಅನ್ನುವ ಶಬ್ದವನ್ನು ಬಿಟ್ಟೆ. ಮರೆತದ್ದಲ್ಲ, ಬಿಟ್ಟದ್ದು.

ಶನಿವಾರ ಅನ್ವಿ ಜೆರ್ಸಿ ಹಾಕಿಕೊಂಡೇ ಬಂದಳು. “ಅಪ್ಪಾ, ಐ ಆಮ್ ಟೋಟಲಿ ಫೈನ್. ನೀವು ಒಮ್ಮೆ ಕೋಚ್ ಹತ್ರ ಹೇಳಿ, ಪ್ಲೀಸ್.” ನಾನು ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ಕೂಗಿ. ನಾನು ಅವಳ ಅಪ್ಪ, ನಾನೇ ಒಪ್ಪಿಗೆ ಕೊಡುತ್ತಿದ್ದೇನೆ, ನೀವ್ಯಾರು ತಡೆಯಲಿಕ್ಕೆ ಅಂತ ಕೇಳಿದೆ.

ಕೋಚ್ ದನಿ ಏರಿಸಲಿಲ್ಲ. “ನೀವು ಅಪ್ಪ, ಸರಿ. ಆದರೆ ಮೈದಾನಕ್ಕೆ ಕಳಿಸುವವನು ನಾನು. ನಾನು ಕಳಿಸುವುದಿಲ್ಲ.”

ನಮ್ಮ ತಂಡ ಒಂದೇ ಪಾಯಿಂಟಿನಿಂದ ಸೋತಿತು.

ಪಾರ್ಕಿಂಗಿನಲ್ಲಿ ಹನೀಫ್ ಸಿಕ್ಕಿದ. ಪುತ್ತೂರಿನವನು, ಅವನ ಮಗಳೂ ಅದೇ ತಂಡದಲ್ಲಿದ್ದಾಳೆ. “ಅವ ಎಂತ ಮಾರಾಯ, ಸಣ್ಣ ಪೆಟ್ಟಿಗೆ ಇಷ್ಟು ಹೆದರುವುದು? ನಾವೆಲ್ಲ ತಲೆ ಒಡ್ಕೊಂಡೇ ದೊಡ್ಡವರಾದದ್ದಲ್ವಾ?” ಅಂದ. ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಆಗಲೇ ಹೊಗೆ ಎದ್ದಿತ್ತು. ನಾನೂ ಬರೆದೆ: ‘ಈ ವಯಸ್ಸಿಗೆ ಕೋಚ್ ಆಗಬಾರದು. ಹೆದರಿಕೆ ಜಾಸ್ತಿ.’ ಹನ್ನೊಂದು ಜನ ಹೆಬ್ಬೆರಳು ಎತ್ತಿದರು.

ಇಲ್ಲಿ ರಜೆ ಶುಕ್ರವಾರ, ಶನಿವಾರ; ಭಾನುವಾರ ಶಾಲೆ ಶುರು. ಹತ್ತು ಗಂಟೆಗೆ ಶಾಲೆಯಿಂದ ಫೋನ್. ಗಣಿತದ ಪೀರಿಯಡ್‌ನಲ್ಲಿ ಅನ್ವಿ ವಾಂತಿ ಮಾಡಿದ್ದಾಳೆ, ಬೋರ್ಡಿನ ಅಕ್ಷರ ಎರಡೆರಡು ಕಾಣುತ್ತಿದೆಯಂತೆ.

ಆಸ್ಪತ್ರೆಯ ಎಮರ್ಜೆನ್ಸಿಗೆ ಹೇಗೆ ತಲುಪಿದೆ ಅಂತ ನೆನಪಿಲ್ಲ. ಶೈಲಾ ಯೂನಿಫಾರ್ಮಿನಲ್ಲೇ ಓಡಿಬಂದಳು. “ಪೆಟ್ಟು ಎಲ್ಲಿಗೆ ಆದದ್ದು?” ಅಂದಳು. ತಲೆಗೆ ಅಂದೆ. ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸ್ಕ್ಯಾನಿನ ಕೋಣೆಯ ಹೊರಗೆ ನಲವತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಮನುಷ್ಯ ಎಷ್ಟು ಕೆಟ್ಟದ್ದನ್ನು ಕಲ್ಪಿಸಿಕೊಳ್ಳಬಲ್ಲ? ನಾನು ಎಲ್ಲವನ್ನೂ ಕಲ್ಪಿಸಿಕೊಂಡೆ.

ರಕ್ತಸ್ರಾವ ಇರಲಿಲ್ಲ. ಮಿದುಳು ಅಲುಗಿದೆ, ವಿಶ್ರಾಂತಿ ಬೇಕು ಅಂದರು ಡಾಕ್ಟರ್. ಆಮೇಲೆ ಕೇಳಿದರು: “ಪೆಟ್ಟಾದ ಮೇಲೆ ಮತ್ತೆ ಆಡಿಲ್ಲವಷ್ಟೆ? ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ನಾವು ಬೇರೆ ಮಾತು ಆಡಬೇಕಾಗುತ್ತಿತ್ತು.”

“ಆಡಿಲ್ಲ” ಅಂದೆ.

“ಒಳ್ಳೆಯ ಕೆಲಸ ಮಾಡಿದಿರಿ” ಅಂದರು. ನಾನು ತಿದ್ದಲಿಲ್ಲ.

ಮರುದಿನ ಸಂಜೆ ಕೋಚ್ ಮನೆಗೆ ಬಂದರು. ಕೈಯಲ್ಲಿ ಅಲ್ ಅಹ್ಸಾದ ಖರ್ಜೂರದ ಡಬ್ಬ. ಕತ್ತಲೆ ಕೋಣೆಯಲ್ಲಿ ಮಲಗಿದ್ದ ಅನ್ವಿಯನ್ನು ಬಾಗಿಲಿನಿಂದಲೇ ನೋಡಿ ಬಂದು ಸೋಫಾದ ತುದಿಯಲ್ಲಿ ಕುಳಿತರು. ನಾನು ಕ್ಷಮೆ ಕೇಳಿದೆ. ಅದು ಬೇಡ ಅನ್ನುವ ಹಾಗೆ ತಲೆಯಾಡಿಸಿದರು.

“ನಿಮಗೆ ಹೇಗೆ ಗೊತ್ತಾಯಿತು?” ಅಂತ ಕೇಳಿದೆ.

“ಗೊತ್ತಾಗಲಿಲ್ಲ. ಅನುಮಾನ ಬಂತು, ಅಷ್ಟೆ” ಅಂದರು. ಆಮೇಲೆ ಹೇಳತೊಡಗಿದರು. ಇಪ್ಪತ್ತಾರು ವರ್ಷದಲ್ಲಿ ಅವರ ತಂಡ ಗೆದ್ದ ಕಪ್ ಒಂದೇ ಒಂದು. ಆ ಫೈನಲ್‌ನಲ್ಲಿ ಕೋಡಿ ಅನ್ನುವ ಆಟಗಾರನ ತಲೆಗೆ ಪೆಟ್ಟಾಯಿತು. ಕಣ್ಣು ಎಲ್ಲೋ ಇತ್ತು. ‘ಆಡ್ತೀಯಾ?’ ಅಂದದ್ದಕ್ಕೆ ‘ಆಡ್ತೇನೆ ಕೋಚ್’ ಅಂದ. ಕಳಿಸಿದರು. ಕಡೆಯ ನಾಲ್ಕು ನಿಮಿಷ. ಅವನೇ ಗೆಲ್ಲಿಸಿದ. ಎತ್ತಿ ಕುಣಿಸಿದರು. ಅದೇ ಸಂಜೆ ಬಸ್ಸಿನಲ್ಲಿ ಅವನಿಗೆ ಎಚ್ಚರ ತಪ್ಪಿತು.

“ಸತ್ತುಹೋದನಾ?”

“ಇಲ್ಲ. ಈಗ ನಲವತ್ತು ದಾಟಿದೆ. ಅಕ್ಕನ ಮನೆಯಲ್ಲಿದ್ದಾನೆ. ಶೂ ಲೇಸ್ ಅವಳೇ ಕಟ್ಟಬೇಕು. ಪ್ರತಿ ಬೇಸಿಗೆ ಹೋಗಿ ನೋಡುತ್ತೇನೆ. ಆ ಆಟ ಮಾತ್ರ ಅವನಿಗೆ ಚೆನ್ನಾಗಿ ನೆನಪಿದೆ. ನನ್ನ ಕೈ ಹಿಡಿದು, ಅವತ್ತು ಆಡಲು ಬಿಟ್ಟದ್ದಕ್ಕೆ ಥ್ಯಾಂಕ್ಸ್ ಹೇಳುತ್ತಾನೆ. ಪ್ರತಿ ವರ್ಷ.”

ಶೈಲಾ ಅಡುಗೆಮನೆಗೆ ಹೋದಳು. ಚಹಾ ತರಲಿಕ್ಕಲ್ಲ.

ಆಮೇಲಿನ ಐದು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡಲಿಲ್ಲ. ಅನ್ವಿ ಒಂದು ಪ್ರಶ್ನೆಯನ್ನು ಎರಡು ಸಲ ಕೇಳಿದರೆ ನಾನು ಶೈಲಾಳ ಮುಖ ನೋಡುತ್ತಿದ್ದೆ. ಊಟದ ನಡುವೆ ಸುಮ್ಮನೆ ಕೇಳುವವನ ಹಾಗೆ “ಹನ್ನೆರಡೇಳಲ ಎಷ್ಟು?” ಅನ್ನುತ್ತಿದ್ದೆ. “ಅಪ್ಪಾ, ಸ್ಟಾಪ್ ಇಟ್” ಅನ್ನುತ್ತಿದ್ದಳು. ಉತ್ತರ ಹೇಳುತ್ತಿರಲಿಲ್ಲ. ಅದಕ್ಕೂ ಹೆದರಿಕೆ.

ಅದರ ನಡುವೆ ಪೋಷಕರ ಸಭೆ. ಕೋಚ್ ಬದಲಾಗಲಿ ಅನ್ನುವುದೊಂದೇ ವಿಷಯ. ನಾನು ಎದ್ದು ನಿಂತೆ. ಕೂಗಿದ್ದು, ಹೆಂಡತಿಗೆ ಮುಚ್ಚಿಟ್ಟದ್ದು, ಡಾಕ್ಟರ್ ಹೊಗಳಿದಾಗ ಸುಮ್ಮನಿದ್ದದ್ದು, ಎಲ್ಲ ಹೇಳಿದೆ. ಹನೀಫ್ ಮೊದಲು ನೆಲ ನೋಡಿದ, ಆಮೇಲೆ “ಅವರು ಇರ್ಲಿ” ಅಂದ. ವಿಷಯ ಅಲ್ಲಿಗೇ ಮುಗಿಯಿತು. ಕೋಚ್ ಉಳಿದರು.

ಉಳಿದದ್ದು ಬೇಸಿಗೆಯವರೆಗೆ ಮಾತ್ರ. ಕಾಲೇಜಿನ ಕಾಂಟ್ರ್ಯಾಕ್ಟ್ ಮುಗಿಯಿತು, ಎಕ್ಸಿಟ್ ವೀಸಾ ಬಂತು, ಅಯೋವಾಕ್ಕೆ ಹೊರಟರು. ಮಕ್ಕಳು ಸಣ್ಣದೊಂದು ಬೀಳ್ಕೊಡುಗೆ ಮಾಡಿದರು. ಒಬ್ಬಳು ಮೈಕ್ ಹಿಡಿದು ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕಪ್ ಗೆದ್ದಿರಿ ಕೋಚ್ ಅಂತ ಕೇಳಿದಳು. “ಒಂದೂ ಇಲ್ಲ” ಅಂದರು.

ಅನ್ವಿ ಹುಷಾರಾಗಿದ್ದಾಳೆ. ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಆಡುತ್ತಿದ್ದಾಳೆ. ಈಗ ಹೊಸ ಕೋಚ್, ಚುರುಕಿನ ಯುವಕ. ಪೋಷಕರು ಏನು ಹೇಳಿದರೂ ನಗುತ್ತ ಅರಬಿಯಲ್ಲಿ ‘ಯಲ್ಲಾ’ (ಆಯ್ತು, ನಡೀರಿ), ‘ನೋ ಪ್ರಾಬ್ಲಂ’ ಅನ್ನುತ್ತಾನೆ.

ಎಲ್ಲರಿಗೂ ಅವನು ತುಂಬಾ ಇಷ್ಟ. ನನಗೆ ಹೆದರಿಕೆಯಾಗುವುದೇ ಅದಕ್ಕೆ.