ಅಕ್ಕೋರ ಸಾಸಿವೆ ಗಿಡ

ನಿನ್ನೆ ಸೊಸೆ ಸಾಸಿವೆ ಡಬ್ಬಿ ತುಂಬಿಸುವಾಗ ಅರ್ಧ ನೆಲಕ್ಕೆ ಚೆಲ್ಲಿದಳು. ಒದ್ದೆ ಬೆರಳಿನಿಂದ ಕಾಳು ಒತ್ತಿ ಎತ್ತುತ್ತ ಕುಳಿತ ನನಗೆ ಹಾನಗಲ್ಲಿನ ನಮ್ಮ ಅಕ್ಕೋರು ನೆನಪಾದರು, ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಇಳಿಯದ ಸಿಟ್ಟು...

ಸ್ವಾತಂತ್ರ್ಯಕ್ಕಿಂತ ಮೊದಲಿನ ಮಾತು. ಹೆಣ್ಣುಮಕ್ಕಳ ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರು ಕ್ರೈಸ್ತರು, ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಯೇಸುಸ್ವಾಮಿಯ ಮಾತು ಹೇಳಿದರು: ದೇವರ ರಾಜ್ಯ ಸಾಸಿವೆ ಕಾಳಿನ ಹಾಗೆ, ಎಲ್ಲಕ್ಕಿಂತ ಸಣ್ಣದು, ಆದರೆ ಮರವಾಗಿ ಬೆಳೆದು ಹಕ್ಕಿಗಳಿಗೆ ನೆಲೆಯಾಗುತ್ತದೆ. ನನಗೆ ನಗು ತಡೆಯಲಿಲ್ಲ. ನಮ್ಮ ಹೊಲದ ಸಾಸಿವೆ ನನ್ನ ಸೊಂಟ ದಾಟುತ್ತಿರಲಿಲ್ಲ. ಮನೆಗೆ ಬಂದು ಅದನ್ನೇ ಹೇಳಿ ಮತ್ತೆ ನಕ್ಕೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಅಪ್ಪ ನಗಲಿಲ್ಲ. “ಸಾಸವಿ ಗಿಡ ಗೊತ್ತಿಲ್ಲದಾಕಿ ನಿನಗೇನ ಕಲಸ್ತಾಳ? ಸಾಲಿ ಸಾಕು” ಎಂದ.

ಅಳುತ್ತ ಹೋಗಿ ಅಕ್ಕೋರಿಗೆ ಹೇಳಿದೆ. ಅವರು ಸೀದಾ ಅಪ್ಪನ ಹತ್ತಿರ ಬಂದು, “ಸಾಸವಿ ಬೆಳದು ತೋರಸ್ತೇನಿ, ಅಲ್ಲೀತನಕ ಆಕಿನ್ನ ಬಿಡಸಬ್ಯಾಡ್ರಿ” ಎಂದರು. ಅಪ್ಪ ಒಪ್ಪಿದ.

ತಮ್ಮ ಹಿತ್ತಲಲ್ಲಿ ಬೀಜ ಹಾಕಿದರು, ಒಂದು ಮುಷ್ಟಿ! ಮೂರನೆಯ ದಿನಕ್ಕೆ ಮೊಳಕೆಗಳು ಒಂದರ ಮೇಲೊಂದು ಎದ್ದವು. ಕಿತ್ತು ತೆಳುವು ಮಾಡಿರೆಂದರೆ, “ಪಾಪ, ಯಾವುದನ್ನ ಕೀಳ್ಲಿ?” ಎನ್ನುವ ಹೆಂಗಸು. ಅವರಿಲ್ಲದಾಗ ನಾನೇ ಕಿತ್ತು ಒಂದನ್ನು ಉಳಿಸಿದೆ. ಗೊಬ್ಬರ ಕೊಟ್ಟೆ, ಹುಳ ಹತ್ತಿದಾಗ ಬೂದಿ ಉದುರಿಸಿದೆ. ಅವರು ದಿನಾ ಬಾವಿಯಿಂದ ಕೊಡ ಹೊತ್ತು ತಂದರು. ಹಳದಿ ಹೂ ಬಿಡುವ ಹೊತ್ತಿಗೆ ಗಿಡ ಅಕ್ಕೋರ ತಲೆ ಮುಟ್ಟಿತ್ತು. ನನಗೂ ಆಸೆ ಹುಟ್ಟಿತು.

ಕಾಯಿ ಹಣ್ಣಾದವು. ಸಾಸಿವೆಯನ್ನು ನಸುಕಿನ ಇಬ್ಬನಿಯಲ್ಲೇ ಕೊಯ್ಯಬೇಕು, ಬಿಸಿಲಿಗೆ ಬಿಟ್ಟರೆ ಕಾಯಿ ಸಿಡಿದು ಕಾಳೆಲ್ಲ ಮಣ್ಣುಪಾಲು. ನಮ್ಮಲ್ಲಿ ಕೂಸಿಗೂ ಗೊತ್ತಿರುವ ಮಾತಿದು. ಬಾಯಿ ನೋಯುವಷ್ಟು ಹೇಳಿದೆ. “ಇನ್ನೂ ಹಕ್ಕಿ ಬಂದಿಲ್ಲ, ತಡಿಯವ್ವಾ” ಎಂದರು. ಇಂಥವರಿಗೆ ಏನು ಹೇಳುವುದು!

ಅಪ್ಪ ನೋಡಲು ಬಂದ ದಿನ ಬರೀ ಒಣ ಕಡ್ಡಿ ನಿಂತಿತ್ತು. ಗಿಡದ ಎತ್ತರವನ್ನು ಆತ ನೋಡಲೇ ಇಲ್ಲ. “ಕಾಳ ಎಲ್ಲದಾವ್ರಿ?” ಎಂದ. ಅಷ್ಟರಲ್ಲಿ ಉದುರಿದ ಕಾಳಿಗೆ ಗುಬ್ಬಿಗಳ ಹಿಂಡು ಇಳಿಯಿತು, ಒಂದೆರಡು ಗುಬ್ಬಿ ಆ ಕಡ್ಡಿಯ ಮೇಲೂ ಕೂತವು. “ನೋಡ್ರಿ, ಬಂದುವು!” ಎಂದು ಅಕ್ಕೋರು ಸಣ್ಣ ಹುಡುಗಿಯಂತೆ ಕೂಗಿದರು. ಅಪ್ಪ ನನ್ನ ಕೈ ಹಿಡಿದು ಮನೆಗೆ ಕರೆತಂದ. ನನ್ನ ಶಾಲೆ ಅಲ್ಲಿಗೆ ಮುಗಿಯಿತು.

ಮರುವರ್ಷ ಅವರಿಗೆ ಸವಣೂರಿಗೆ ವರ್ಗವಾಯಿತು. ಹೊರಡುವ ಮುನ್ನ ನಮ್ಮ ಬಾಗಿಲಲ್ಲಿ ನಿಂತು, “ಹೋಗಿ ಬರ್ತೇನವ್ವಾ...” ಎಂದು ಕರೆದರು. ನಾನು ಒಳಗೆ ಕೂತಲ್ಲಿಂದ ಏಳಲಿಲ್ಲ.

ಈಗ ಅಕ್ಕೋರಿಲ್ಲ, ಅಪ್ಪನೂ ಇಲ್ಲ. ಸಿಟ್ಟು ಮಾತ್ರ ಉಳಿದಿದೆ, ಅದೂ ಯಾರ ಮೇಲೆಂದು... ನಾನು ಓದಲಿ ಎಂದು ನಾಲ್ಕು ತಿಂಗಳು ನೀರು ಹೊತ್ತವರು ಈ ಜನ್ಮದಲ್ಲಿ ಅವರೊಬ್ಬರೇ. ಎದ್ದು ಬಾಗಿಲ ತನಕ ಹೋಗಲಿಕ್ಕೆ ನನಗೇನು ಧಾಡಿಯಾಗಿತ್ತು?