ಪರವಾಗಬೇಕಾದ ರಕ್ತ

ಎರಡು ಸಾವಿರದ ಇಸವಿಯಲ್ಲಿ ಅಮೆರಿಕದ ಪ್ಲೆಸೆಂಟನ್ನಿನ ಜನ ಬೆಳಗೆದ್ದು ಷೇರು ಬೆಲೆ ನೋಡುತ್ತಿದ್ದರೆ ಸರೋಜಿನಿ ತಮ್ಮನ ಅಂಗೈ ನೋಡುತ್ತಿದ್ದಳು. ಅಲ್ಲಿ ಕೆಂಪು ದದ್ದು ಏಳಬೇಕಿತ್ತು. ತಮ್ಮನ ಮೈಮೇಲೆ ದದ್ದು ಏಳಲಿ ಎಂದು ಕಾಯುವ ಅಕ್ಕ ಲೋಕದಲ್ಲಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ.

ತಾಯಿ ತೀರಿಕೊಂಡಾಗ ತಮ್ಮ ವೈಕುಂಠ ಇನ್ನೂ ಕೂಸು. ಎತ್ತಿ ಆಡಿಸಿದವಳು ಇವಳೇ. ಇಬ್ಬರೂ ಮದುವೆಯ ಗೋಜಿಗೆ ಹೋಗಲಿಲ್ಲ. ಪ್ಲೆಸೆಂಟನ್ನಿನಲ್ಲಿ ಕೆಲಸಕ್ಕಿದ್ದ ಅವನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದದ್ದೇ, ಉಡುಪಿಯ ಹೊಲಿಗೆ ಕ್ಲಾಸಿಗೆ ಬೀಗ ಹಾಕಿ ಬಂದು ತನ್ನ ಅಸ್ಥಿಮಜ್ಜೆ ಕೊಟ್ಟಳು. ಒಂದು ವರ್ಷ ಚೆನ್ನಾಗಿದ್ದ, ಆಮೇಲೆ ರೋಗ ಮರಳಿತು. ಈ ಸಲ ಅವಳ ರಕ್ತದಿಂದ ಬಿಳಿ ಕಣಗಳನ್ನು ಮಾತ್ರ ಬೇರ್ಪಡಿಸಿ ಅವನಿಗೆ ಏರಿಸಿದರು.

ಡಾಕ್ಟರ ಇಂಗ್ಲಿಷನ್ನು ತಮ್ಮನೇ ಕನ್ನಡ ಮಾಡಿ ಹೇಳಿದ. "ನಿನ್ನ ಕಣಗಳಿಗೆ ನನ್ನ ಮೈ ಪರ ಅಂತ ಕಾಣ್ಬೇಕಂತೆ ಅಕ್ಕ. ಆಗ ಮಾತ್ರ ಕ್ಯಾನ್ಸರ್ ಮೇಲೆ ಬೀಳ್ತವೆ. ನನ್ನ ಚರ್ಮಕ್ಕೂ ಸ್ವಲ್ಪ ಏಟು ಬೀಳ್ಬಹುದು. ಅಂಗೈಲೋ ತೋಳಲ್ಲೋ ದದ್ದು, ತುರಿಕೆ ಬಂದ್ರೆ ಒಳ್ಳೆ ಲಕ್ಷಣ, ಆದ್ರೆ ಕೂಡಲೇ ಹೇಳ್ಬೇಕಂತೆ."

ಹೇಳುವ ಜನವೇ ಇವರು? ಅಕ್ಕನಿಗೂ ತಮ್ಮನಿಗೂ ಹುಟ್ಟಿನಿಂದ ಬಂದ ಮಾತು ಒಂದೇ, ಪರವಾಗಿಲ್ಲ. ಜ್ವರ ಬಂದರೂ ಪರವಾಗಿಲ್ಲ, ಅನ್ನ ಸೀದರೂ ಪರವಾಗಿಲ್ಲ. ಅವನು ಕೋಣೆಯ ಬಾಗಿಲು ಮುಚ್ಚಿಕೊಂಡು ಆಫೀಸಿನ ಕೆಲಸ ಮಾಡುತ್ತಿದ್ದ. ಸೋಂಕಿನ ಭಯಕ್ಕೆ ಯಾರನ್ನೂ ಅಪಾರ್ಟ್‌ಮೆಂಟಿಗೆ ಕರೆಯುವಂತಿರಲಿಲ್ಲ. ಹಗಲೆಲ್ಲ ಒಬ್ಬಳೇ ಕೂತು ಸರೋಜಿನಿಗೆ ತಲೆ ಕೆಟ್ಟುಹೋಗುತ್ತಿತ್ತು. ಬೇಜಾರಾ ಎಂದು ಅವನು ಕೇಳಿದರೆ, ಪರವಾಗಿಲ್ಲ.

ವಾರಗಳು ಕಳೆದರೂ ಅಂಗೈ ಹಾಗೇ ಇತ್ತು. ಎತ್ತಿ ಆಡಿಸಿದ ಮಮತೆಯೇ ರಕ್ತಕ್ಕಿಳಿದು ಕಣಗಳನ್ನು ತಡೆಯುತ್ತಿದೆಯೇನೋ ಎಂದು ಅವಳಿಗೆ ಹೆದರಿಕೆ. ಡಾಕ್ಟರರನ್ನು ಕೇಳಬೇಕೆಂದರೆ ಅದನ್ನೂ ತಮ್ಮನ ಬಾಯಲ್ಲೇ ಕೇಳಿಸಬೇಕು.

ಸುಡುಬಿಸಿಲಿನ ಒಂದು ದಿನ ವೈಕುಂಠ ತುಂಬುತೋಳಿನ ಅಂಗಿ ಹಾಕಿಕೊಂಡು ಊಟಕ್ಕೆ ಬಂದ.

"ಹೇಗುಂಟು?"

"ಪರವಾಗಿಲ್ಲ ಅಕ್ಕ."

ಅವಳು ಗಂಜಿಯ ಸೌಟು ಇಟ್ಟು ಅವನ ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೂ ಕೆಂಪು ದದ್ದು, ಕೆರೆದು ಕೆರೆದು ಗಾಯ.

"ಎಂತ ಪರವಾಗಿಲ್ಲ? ಪರ ಆಗ್ಲೇಬೇಕಿತ್ತಲ್ಲ ಮಾರಾಯ. ಯಾಕೆ ಹೇಳ್ಲಿಲ್ಲ?" ಅವಳು ತಮ್ಮನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

"ನಿನ್ನ ರಕ್ತ ಹೀಗೆ ಮಾಡ್ತು ಅಂತ ನಿಂಗೆ ಬೇಜಾರಾಗ್ತದೆ ಅಂತ."

ದದ್ದು ಅಡಗಿಸಿಟ್ಟದ್ದಕ್ಕೆ ಡಾಕ್ಟರು ಅವನಿಗೆ ಬೈದರು, ಮುಲಾಮು ಕೊಟ್ಟರು. ಮುಂದಿನ ರಕ್ತಪರೀಕ್ಷೆಗಳಲ್ಲಿ ಕ್ಯಾನ್ಸರ್ ಹಿಮ್ಮೆಟ್ಟುತ್ತಾ ಬಂತು. ಸರೋಜಿನಿಗೆ ಸಂತೋಷವಾಯಿತು, ಸುಳ್ಳಲ್ಲ. ಆದರೂ ಮನೆಗೆ ಬಂದವಳೇ ಬಚ್ಚಲಿನ ನಲ್ಲಿ ತಿರುಗಿಸಿಕೊಂಡು ಅತ್ತಳು. ಅವಳ ರಕ್ತ ತಮ್ಮನನ್ನು ಪರಕೀಯ ಎಂದಿತ್ತು, ಅವನು ಉಳಿದದ್ದೇ ಅದರಿಂದ. ಈ ಸಂಕಟವನ್ನು ಹೇಳಿಕೊಳ್ಳಲು ಆ ಊರಿನಲ್ಲಿ ಅವಳಿಗೆ ಒಂದು ಜೀವವೂ ಇರಲಿಲ್ಲ.

"ಎಂತಾಯ್ತು ಅಕ್ಕ?" ಎಂದು ಬಾಗಿಲಾಚೆಯಿಂದ ವೈಕುಂಠ ಕೇಳಿದ.

"ಇಲ್ಲಿ ಒಬ್ಳೇ ಇದ್ದು ಇದ್ದು ಸಾಕಾಯ್ತು ಮಾರಾಯ," ಎಂದಳು.

ಅಂಥ ಉತ್ತರ ಅವನು ಅಕ್ಕನಿಂದ ಎಂದೂ ಕೇಳಿರಲಿಲ್ಲ. ಕೆಲಸದ ಕೋಣೆಗೆ ಮರಳದೆ ಬಾಗಿಲಾಚೆಯೇ ನೆಲದ ಮೇಲೆ ಕೂತ.